ಕುರಿಯ ಹೊಟ್ಟೆಯಲ್ಲಿ ಬಂದ ಜಾಲಿ

ಬಸ್ಸಿಳಿದು ಅಂಗಡಿಯ ಬೀಗ ತೆಗೆಯುವವರೆಗೂ ನನ್ನ ಎಡಗಾಲಿನ ಚಪ್ಪಲಿ ಟಕ್ ಟಕ್ ಎನ್ನುತ್ತಲೇ ಇತ್ತು. ಹೀಲ್ಸ್ ಹಾಕುವ ವಯಸ್ಸು ನನ್ನದಲ್ಲ, ಹಾಕಿಕೊಂಡು ಬೀಳದೆ ನಡೆಯುವ ಧೈರ್ಯವೂ ಇಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ತಿರುಗಿಸಿ ನೋಡಿದರೆ ಅಟ್ಟೆಯೊಳಗೆ ಒಂದು ಜಾಲಿಮುಳ್ಳು ಹೊಕ್ಕಿತ್ತು. ತುದಿ ಇನ್ನೇನು ಹಿಮ್ಮಡಿಗೆ ತಾಗಬೇಕು ಅನ್ನುವಲ್ಲಿ ನಿಂತಿತ್ತು. ನಿನ್ನೆ ತವರಿಗೆ ಹೋಗಿದ್ದೆ. ಕೊಡಿಗೇನಹಳ್ಳಿಯ ಹತ್ತಿರದಿಂದ ಮಧುಗಿರಿಯವರೆಗೆ ಟಿಕೆಟ್ಟಿಲ್ಲದೆ ನನ್ನ ಜೊತೆ ಬಂದುಬಿಟ್ಟಿದೆ. ಕತ್ತರಿಯ ತುದಿಯಿಂದ ಮೀಟಿ ತೆಗೆದೆ. ಬೀದಿಗೆ ಎಸೆದರೆ ಇನ್ನೊಬ್ಬರ ಕಾಲಿಗೆ ಚುಚ್ಚುತ್ತದೆ, ಕಸದ ಬುಟ್ಟಿಗೆ ಹಾಕಿದರೆ ಕಸ ಒಯ್ಯುವವರ ಕೈಗೆ ಚುಚ್ಚುತ್ತದೆ. ಏನು ಮಾಡಲೂ ತೋಚದೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತಿದ್ದೇನೆ. ಇನ್ನೂ ಬೋಣಿಯೂ ಆಗಿಲ್ಲ.

ನನ್ನ ಸ್ವಭಾವವೇ ಹೀಗೆ. ಸೀರೆ ಅಂಗಡಿ ಇಟ್ಟವರಿಗೆ ಇರಲೇಬಾರದ ಸ್ವಭಾವ. ಗಿರಾಕಿಗಳು ಎರಡು ಸೀರೆ ಹಿಡಿದು, ‘ಯಾವ್ದು ಚೆನ್ನಾಗೈತೆ ಹೇಳಕ್ಕ’ ಎಂದರೆ ಎರಡೂ ಚೆನ್ನಾಗಿದೆ ಎನ್ನುತ್ತೇನೆ. ಎರಡನ್ನೂ ಮಾರುವ ಆಸೆ ಇವಳಿಗೆ ಎಂದುಕೊಂಡು ಅವರು ಎರಡನ್ನೂ ಇಟ್ಟು ಹೊರಟುಹೋಗುತ್ತಾರೆ. ನಿಮ್ಮಾಣೆಗೂ ಆಸೆಯಲ್ಲ, ನನಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ನನ್ನ ತಮ್ಮ ರಾಜು ಇದಕ್ಕೆ ತದ್ವಿರುದ್ಧ. ಹುಟ್ಟಿದಾಗಿನಿಂದ ಅವನಿಗೆ ಎಲ್ಲವೂ ಗೊತ್ತು. ‘ಅನುಮಾನ ಅಷ್ಟನ್ನೂ ಮೊದಲ್ನೇದಕ್ಕೇ ಸುರಿದ್ಬುಟ್ಟೆ, ಎರಡನೇದಕ್ಕೆ ಒಂದು ಚಮಚಾನೂ ಉಳೀಲಿಲ್ಲ’ ಎಂದು ಅಮ್ಮ ನಗುತ್ತಾಳೆ.

ಈ ಜಾಲಿಯ ವಿಷಯದಲ್ಲಂತೂ ನನ್ನ ತಲೆ ಪೂರ್ತಿ ಕೆಟ್ಟಿದೆ. ಅದರ ಹೆಸರಿನಿಂದಲೇ ಗೋಜಲು ಶುರು. ನಾವು ಅದನ್ನು ಬಳ್ಳಾರಿ ಜಾಲಿ ಎನ್ನುತ್ತೇವೆ. ಬಳ್ಳಾರಿಯ ನೆಂಟರ ಮುಂದೆ ಒಮ್ಮೆ ಹಾಗೆ ಅಂದುಬಿಟ್ಟೆ. ಅವರು ಕೋಪಿಸಿಕೊಂಡು, ಅದು ನಮ್ಮದಲ್ಲ, ಸೀಮೆಯಿಂದ, ಅಂದರೆ ಪರದೇಶದಿಂದ ಬಂದದ್ದು ಎಂದರು. ಪಾವಗಡದ ಕಡೆಯವರನ್ನು ಕೇಳಿದರೆ ‘ಸರ್ಕಾರ್ ತುಮ್ಮ’ ಎನ್ನುತ್ತಾರೆ, ಅಂದರೆ ಸರ್ಕಾರದ ಜಾಲಿ. ಬಳ್ಳಾರಿಯೋ ಸೀಮೆಯೋ ಸರ್ಕಾರವೋ, ಅದು ತಮ್ಮದು ಎಂದು ಒಪ್ಪಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ. ಅಮೆರಿಕದ ಕಡೆಯ ಮರವಂತೆ, ನಮ್ಮ ಬೋಳುನೆಲ ಹಸಿರಾಗಲಿ, ಹೆಂಗಸರಿಗೆ ಸೌದೆಯಾಗಲಿ, ಹೊಲಕ್ಕೆ ಬೇಲಿಯಾಗಲಿ ಎಂದು ತಂದು ಬಿತ್ತಿದ್ದಂತೆ. ಇದನ್ನು ಹೇಳಿದವನು ರಾಜು, ಅವನಿಗೆ ಹೇಳಿದ್ದು ಅವನ ಮೊಬೈಲು. ಬಿತ್ತಿದವರ ಮಾತು ಸುಳ್ಳೇನೂ ಆಗಲಿಲ್ಲ. ಹಸಿರೂ ಆಯಿತು, ಸೌದೆಯೂ ಸಿಕ್ಕಿತು. ಆಮೇಲೆ ಬೇಲಿಯೇ ಎದ್ದು ಹೊಲ ಮೇಯಿತು. ಗಾದೆ ಮಾಡಿದವರು ನಮ್ಮೂರ ಕೆರೆಯ ಏರಿಯ ಮೇಲೆ ನಿಂತೇ ಮಾಡಿರಬೇಕು.

ಆದರೆ ನನ್ನ ಬಾಲ್ಯಕ್ಕೆ ಆ ಮರ ಹೊರಗಿನದು ಎಂದು ಯಾರೂ ಹೇಳಿರಲಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಕ್ಕೆ ನುಗ್ಗಿ ಹಳದಿಗೆ ತಿರುಗಿದ ಜಾಲಿಕಾಯಿ ಆರಿಸಿ ಚೀಪುತ್ತಿದ್ದೆವು. ಮೊದಲು ಸಿಹಿ, ನುಂಗುವಾಗ ಗಂಟಲು ಕೆರೆತ. ನಮ್ಮಪ್ಪನ ಬಿಳಿ ಅಂಗಿಗಳಿಗೆ ಇಸ್ತ್ರಿ ಆಗುತ್ತಿದ್ದದ್ದು ಅದೇ ಜಾಲಿಯ ಇದ್ದಿಲಿನಲ್ಲಿ. ಬೆನ್ನಿನ ಮೇಲೆ ಕಿಡಿ ಸಿಡಿದು ಸಣ್ಣ ತೂತಾಗಿದ್ದ ಅಂಗಿಯನ್ನೇ ಅವರು ಮದುವೆಗಳಿಗೆ ಹಾಕಿಕೊಂಡು, ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಇನ್ನು ಮುಳ್ಳು ಚುಚ್ಚಿಸಿಕೊಳ್ಳದ ವಾರವೇ ಇರಲಿಲ್ಲ. ಅಮ್ಮ ಪಿನ್ನು ಹಿಡಿದು ಕೂತು, ಎಕ್ಕದ ಹಾಲು ತೊಟ್ಟಿಕ್ಕಿಸಿ, ‘ಎಲ್ಲಿ ನೋಯ್ತದೆ? ಇಲ್ಲೋ ಅಲ್ಲೋ?’ ಎಂದು ಒತ್ತಿ ಒತ್ತಿ ಕೇಳುತ್ತಿದ್ದಳು. ನನಗೆ ಅದೂ ಖಚಿತವಾಗಿ ಹೇಳಲು ಬರುತ್ತಿರಲಿಲ್ಲ. ಹಾಗಾಗಿ ಮುಳ್ಳಿಲ್ಲದ ಕಡೆಯೆಲ್ಲ ಅಗೆಸಿಕೊಂಡ ಪಾದ ನನ್ನದು.

ಈಗ ಜುಂಜಣ್ಣನ ವಿಷಯ ಹೇಳಬೇಕು. ಅವನು ನಮ್ಮೂರ ಪಕ್ಕದ ಗೊಲ್ಲರಹಟ್ಟಿಯವನು, ನನಗಿಂತ ಸ್ವಲ್ಪ ದೊಡ್ಡವನು. ಅವನ ಅಪ್ಪನ ಕಾಲದಿಂದಲೂ ಬೇಸಿಗೆಯ ಕೊನೆಗೆ ಅವರ ಕುರಿಮಂದೆ ನಮ್ಮ ಹೊಲದಲ್ಲಿ ಬಂದು ನಿಲ್ಲುತ್ತದೆ. ಪೇಟೆಯವರಿಗೆ ಇದು ಗೊತ್ತಿರಲಾರದು. ಹಗಲೆಲ್ಲ ಕೆರೆಯಲ್ಲೋ ಗುಡ್ಡದಲ್ಲೋ ಮೇಯ್ದ ಕುರಿಗಳನ್ನು ಸಂಜೆ ಹೊಲಕ್ಕೆ ತಂದು, ಸುತ್ತ ಬಲೆ ಕಟ್ಟಿ ಮಲಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಆ ಜಾಗಕ್ಕೆ ಗೊಬ್ಬರವಾಗಿರುತ್ತದೆ. ಮಾರನೆಯ ದಿನ ಬಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ಸರಿಸುತ್ತಾ ಸರಿಸುತ್ತಾ ಹೊಲವೆಲ್ಲ ಮುಗಿಯುವ ಹೊತ್ತಿಗೆ ಮಳೆ ಬರುತ್ತದೆ, ಉತ್ತು ಕಳ್ಳೇಕಾಯಿ ಬಿತ್ತುತ್ತೇವೆ. ನಾವು ಅವರಿಗೆ ರಾಗಿ ಕೊಡುತ್ತೇವೆ, ಮಂದೆ ಇರುವಷ್ಟು ದಿನ ನಮ್ಮ ಮನೆಯಿಂದ ಮುದ್ದೆ ಸಾರು ಹೋಗುತ್ತದೆ. ಮೊದಲ ಸಂಜೆ ಅಮ್ಮ ಮಂದೆಗೆ ಆರತಿ ಎತ್ತುತ್ತಾಳೆ. ಚಿಕ್ಕವಳಿದ್ದಾಗ ನಾನು ಬಲೆಗೆ ಮುಖವಿಟ್ಟು ನಿಲ್ಲುತ್ತಿದ್ದೆ. ಕುರಿಗಳು ಥೇಟ್ ಮನುಷ್ಯರ ಹಾಗೆ ಕೆಮ್ಮುತ್ತವೆ. ಯಾರೋ ತಾತ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಹುಡುಕುತ್ತಿದ್ದೆ.

ಎಡವಟ್ಟು ಆಗಿದ್ದೂ ಇಲ್ಲೇ. ಬೇಸಿಗೆಯಲ್ಲಿ ಕೆರೆಯೊಳಗೆ ಹುಲ್ಲಿರುವುದಿಲ್ಲ, ಜಾಲಿಕಾಯಿ ಮಾತ್ರ ದಂಡಿಯಾಗಿರುತ್ತದೆ. ಕುರಿಗಳು ಅದನ್ನು ಹೊಟ್ಟೆಬಿರಿಯ ತಿನ್ನುತ್ತವೆ. ಕಾಯಿ ಅರಗುತ್ತದೆ, ಒಳಗಿನ ಗಟ್ಟಿ ಬೀಜ ಅರಗುವುದಿಲ್ಲ. ಅದು ಕುರಿಯ ಹೊಟ್ಟೆಯಲ್ಲೇ ಸವಾರಿ ಮಾಡಿ, ತನ್ನ ಪಾಲಿನ ಗೊಬ್ಬರವನ್ನೂ ಕಟ್ಟಿಕೊಂಡು ನಮ್ಮ ಹೊಲದಲ್ಲಿ ಇಳಿಯುತ್ತದೆ. ನಾವು ಆರತಿ ಎತ್ತಿ ಒಳಗೆ ಕರೆದದ್ದು ಇದನ್ನೇ. ಮೊದಲೆಲ್ಲ ಅಲ್ಲೊಂದು ಇಲ್ಲೊಂದು ಹುಟ್ಟುತ್ತಿದ್ದದ್ದು, ಕೆರೆಯ ತುಂಬ ಜಾಲಿ ಹಬ್ಬಿದ ಮೇಲೆ ಕಳ್ಳೇಕಾಯಿಯ ಸಾಲಿಗಿಂತ ಒತ್ತಾಗಿ ಬರತೊಡಗಿತು. ಕಳೆ ತೆಗೆಯುವ ಹೆಂಗಸರು, ‘ಈ ಮುಳ್ಳೊಳಗೆ ಕೈಯಿಡಾಕಾಗಲ್ಲ ಕಣಮ್ಮ’ ಎಂದು ಎದ್ದು ಹೋದರು.

ಇದರ ನಡುವೆ ಅಮ್ಮನ ಭಕ್ತಿ ಬೇರೆ. ಹೊಲದ ಮೂಲೆಯ ಗಡಿಕಲ್ಲಿನ ಪಕ್ಕ ಹುಟ್ಟಿದ ಒಂದು ಸಸಿಯನ್ನು ಅವಳು ಬನ್ನಿ ಎಂದು ತೀರ್ಮಾನಿಸಿದಳು. ಎಳೆಯದರಲ್ಲಿ ಬನ್ನಿಗೂ ಈ ಜಾಲಿಗೂ ಎಲೆಯ ಹೋಲಿಕೆ ಇದೆಯೆನ್ನಿ, ಮೇಲಾಗಿ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ಕೇಳಿದಳು. ಇರಬಹುದು ಎಂದೆ. ಜುಂಜಣ್ಣನನ್ನು ಕೇಳಿದಳು. ಅವನೂ ಅವಳ ಮುಖ ನೋಡಿ, ‘ಇದ್ರೂ ಇರ್ಬೋದು ತಾಯಿ’ ಎಂದ. ತಾನಾಗಿ ಹುಟ್ಟಿದ ಬನ್ನಿ ಎಂದರೆ ಸಾಮಾನ್ಯವೇ? ಅರಿಶಿನ ಕುಂಕುಮ ಇಟ್ಟು, ದಿನಾ ಒಂದು ಚೊಂಬು ನೀರು ಹಾಕಿ ಸಾಕಿದಳು. ಒಂದು ವಿಜಯದಶಮಿಗೆ ಅದರ ಎಲೆಯನ್ನೇ ಕಿತ್ತು ಊರಿನ ಹಿರಿಯರಿಗೆಲ್ಲ ಕೊಟ್ಟು ನಮಸ್ಕಾರ ಮಾಡಿದೆವು. ಅವರೂ ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡರು. ಮಾರನೆಯ ವರ್ಷ ಅದು ಬೆರಳುದ್ದದ ಮುಳ್ಳು ಬಿಟ್ಟು, ಹಳದಿ ಕಾಯಿ ಇಳಿಬಿಟ್ಟಾಗ ಊರೆಲ್ಲ ನಕ್ಕಿತು. ಅಮ್ಮ ಮಾತ್ರ ಇಷ್ಟು ವರ್ಷ ಕೈಮುಗಿದ ಮೇಲೆ ಕಡಿಯಲು ಬರುವುದಿಲ್ಲ ಎಂದಳು. ಅದು ಇನ್ನೂ ಅಲ್ಲೇ ಇದೆ. ನಾನು ಆ ಕಡೆ ಹೋದಾಗ ಕೈಮುಗಿಯಬೇಕೋ ಬೇಡವೋ ತಿಳಿಯದೆ ಸೆರಗು ಸರಿಮಾಡಿಕೊಂಡು ಬರುತ್ತೇನೆ.

ಈ ಬೇಸಿಗೆಯಲ್ಲಿ ವಿಷಯ ಕುತ್ತಿಗೆಗೆ ಬಂತು. ಕೆರೆಯ ಜಾಲಿಯನ್ನೆಲ್ಲ ಬುಡಸಮೇತ ಕೀಳಿಸಬೇಕೆಂದು ಊರಲ್ಲಿ ತೀರ್ಮಾನವಾಗಿ ಜೆಸಿಬಿ ಬಂದು ನಿಂತಿತು. ಅದೇ ಹೊತ್ತಿಗೆ, ಕುರಿ ನಿಲ್ಲಿಸಿದರೆ ಜಾಲಿ ಹುಟ್ಟುತ್ತದೆಂದು ಒಬ್ಬೊಬ್ಬರೇ ರೈತರು ಜುಂಜಣ್ಣನ ಮಂದೆಗೆ ಬೇಡ ಎನ್ನತೊಡಗಿದರು. ರಾಜು ಕೂಡ ನಿರ್ಧಾರ ಮಾಡಿದ. ಅವನಿಗೆ ನಿರ್ಧಾರ ಎಂದರೆ ಅರ್ಧ ಲೋಟ ಕಾಫಿಯ ಕೆಲಸ. ಆದರೆ ಅದನ್ನು ಜುಂಜಣ್ಣನ ಮುಖಕ್ಕೆ ಹೇಳುವ ಕೆಲಸ ಬಂದಾಗ ಅವನಿಗೆ ತವರಿಗೆ ಬಂದಿದ್ದ ನನ್ನ ನೆನಪಾಯಿತು.

‘ಅಕ್ಕಾ, ನೀನೇ ಹೋಗಿ ಹೇಳ್ಬುಡು. ನಿನ್ನ ಮಾತು ಮೃದು.’

‘ಏನಂತ ಹೇಳ್ಲಿ?’

‘ಈ ವರ್ಷ ಮಂದೆ ಬೇಡ ಅಂತ. ನಾಕೇ ಮಾತು. ಅದಕ್ಕೂ ಯೋಚನೆ ಮಾಡ್ತಾ ಕೂತ್ಕಬೇಡ.’

ನಾನು ದಾರಿಯುದ್ದಕ್ಕೂ ಆ ನಾಲ್ಕು ಮಾತನ್ನು ಬಾಯಿಪಾಠ ಮಾಡಿಕೊಂಡೇ ಕೆರೆಯ ಹತ್ತಿರ ಹೋದೆ. ಆ ಕೊನೆಯಲ್ಲಿ ಜೆಸಿಬಿ ಗುರುಗುಟ್ಟುತ್ತಾ ಬುಡಗಳನ್ನು ಎತ್ತಿ ಮಗುಚುತ್ತಿತ್ತು. ಈ ಕೊನೆಯಲ್ಲಿ ಜುಂಜಣ್ಣನ ಹೆಂಡತಿ ಲಕ್ಷ್ಮಕ್ಕ, ಯಂತ್ರ ಬರುವುದರೊಳಗೆ ಆದಷ್ಟು ಆಗಲಿ ಎಂದು ಉದುರಿದ ಜಾಲಿಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ಅವಳ ತವರು ಪಾವಗಡದ ಆಚೆ, ಮಾತಿನಲ್ಲಿ ಅರ್ಧ ತೆಲುಗು. ಜುಂಜಣ್ಣ ಕೋಲೂರಿ ನಿಂತು ಜೆಸಿಬಿಯನ್ನೇ ನೋಡುತ್ತಿದ್ದ.

‘ನೀನೇ ಬಂದ್ಬುಟ್ಟೆ ತಾಯಿ. ಮಂದೆ ಯಾವಾಗ ಹೊಡ್ಕಂಡು ಬರ್ಲಿ ಅಂತ ಕೇಳಾಕೆ ನಾನೇ ಹೊಂಟಿದ್ದೆ.’

‘ಅದೇ... ಅದರ ವಿಷಯ ಮಾತಾಡೋಣ ಅಂತಾನೇ ಬಂದೆ ಜುಂಜಣ್ಣ.’

‘ಈ ಸಲ ಯಾರೂ ಒಳಕ್ಕೆ ಬುಟ್ಕಳ್ತಿಲ್ಲ ಕಣಮ್ಮ. ಜಾಲಿ ಹುಟ್ತೈತೆ ಅಂತಾರೆ. ಸುಳ್ಳಲ್ಲ, ಹುಟ್ತೈತೆ. ಮುಂಚೆ ಆದ್ರೆ ಪಾವಗಡದ ರಾಯಚರ್ಲು ಕಡೆ ಬೀಗರ ಹೊಲಕ್ಕಾದ್ರೂ ಹೊಡ್ಕಂಡು ಹೋಗ್ತಿದ್ವಿ, ಈಗ ಅಲ್ಲೆಲ್ಲಾ ಸೋಲಾರ್ ಕರೆಂಟಿನೋರು ಬೇಲಿ ಹಾಕ್ಕಂಡವ್ರೆ. ನಿಮ್ದೊಂದೇ ಹೊಲ ಉಳಿದಿರಾದು. ನೀವೂ ಬ್ಯಾಡ ಅಂದ್ಬುಟ್ರೆ ಮಂದೇನ ಶಿರಾ ಸಂತೆಗೆ ಹೊಡೆಯಾದೇ.’

ಆ ನಾಲ್ಕು ಮಾತನ್ನು ನಾನು ಅಲ್ಲಿಗೇ ಕೈಬಿಟ್ಟೆ. ಏನಾದರೂ ಹೇಳಬೇಕಲ್ಲ ಎಂದು, ‘ಕೆರೆ ಕ್ಲೀನಾದ್ರೆ ಒಳ್ಳೇದೇ ಅಲ್ವಾ?’ ಎಂದೆ. ಇಂಥ ಮಾತನ್ನು ಇಂಥ ಹೊತ್ತಿನಲ್ಲಿ ಆಡಲು ವಿಶೇಷ ಪ್ರತಿಭೆ ಬೇಕು.

‘ಒಳ್ಳೇದೇ’ ಎಂದ ಜುಂಜಣ್ಣ. ‘ಇದರ ಮುಳ್ಳು ಹೊಡ್ದು ನಂದೊಂದು ಕುರಿ ಕಣ್ಣೇ ಹೋಯ್ತು. ನಮ್ಮಪ್ಪ ಹೇಳ್ತಿದ್ದ, ಇಲ್ಲಿ ಮೊಣಕಾಲುದ್ದ ಹುಲ್ಲಿತ್ತಂತೆ. ಈ ಮುಂಡೇದು ಬಂದು ಹುಲ್ಲನ್ನೆಲ್ಲಾ ನುಂಗ್ಬುಡ್ತು. ಹುಲ್ಲು ಹೋದ ಮ್ಯಾಲೆ ನಮ್ಮ ಕುರಿ ಬದುಕಿದ್ದೂ ಇದರ ಕಾಯಿ ತಿಂದೇ. ಈಗ ಇದನ್ನ ಬಯ್ಯಾದು ಹೆಂಗೆ, ಬುಡಾದು ಹೆಂಗೆ? ಕಿತ್ತಾಕಿದ ತಕ್ಷಣ ಹುಲ್ಲು ಬತ್ತದಾ? ಅಲ್ಲಿಗಂಟ ಇವು ಏನು ತಿನ್ನಬೇಕು?’

ಲಕ್ಷ್ಮಕ್ಕ ಚೀಲ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದಳು. ‘ಏಂ ಚೇಸೇದಮ್ಮಾ? ಉಂಟೇ ಕಷ್ಟಂ, ಪೋತೇ ಕಷ್ಟಂ.’

ಏನು ಮಾಡುವುದು, ಇದ್ದರೂ ಕಷ್ಟ, ಹೋದರೂ ಕಷ್ಟ. ಇಷ್ಟು ವರ್ಷ ನಾನೊಬ್ಬಳೇ ಗೊಂದಲದ ಗಿರಾಕಿ ಎಂದುಕೊಂಡಿದ್ದೆ. ಇವರನ್ನು ನೋಡಿ ಸಂಕಟವಾಯಿತು. ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ಆ ಗಡಿಬಿಡಿಯಲ್ಲಿ ರಾಜು ಮೊಬೈಲಿನಲ್ಲಿ ನೋಡಿ ಹೇಳಿದ್ದ ಇನ್ನೊಂದು ಸಂಗತಿ ನೆನಪಾಗಿ ಬಾಯಿಗೆ ಬಂದುಬಿಟ್ಟಿತು.

‘ಒಂದು ವಾರ ಈ ಕಾಯಿ ತಿನ್ನಿಸದೆ ಕೂಡಿ ಹಾಕಿದರೆ ಹೊಟ್ಟೆಯಲ್ಲಿರೋ ಬೀಜ ಎಲ್ಲಾ ಹೊರಗೆ ಹೋಗ್ತದಂತೆ. ಆಮೇಲೆ ಹೊಲಕ್ಕೆ ಬಿಟ್ಟರೆ ಜಾಲಿ ಹುಟ್ಟಲ್ವಂತೆ.’

‘ಅದು ಸರಿ ತಾಯಿ. ಆ ವಾರ ಏನು ತಿನ್ನುಸ್ಲಿ, ಮಣ್ಣಾ?’

‘ನಮ್ಮ ಹಿತ್ತಲಲ್ಲಿ ಕಳ್ಳೇಕಾಯಿ ಬಳ್ಳಿಯ ಬಣವೆ ಇದೆಯಲ್ಲ.’

ಹೇಳಿದ ಮೇಲೆ ನನ್ನ ಕಿವಿಗೆ ಅದು ಕೇಳಿಸಿತು. ಆ ಬಣವೆ ರಾಜುವಿನ ಹಸುಗಳ ಮೇವು. ಮಳೆಗಾಲ ಹಿಡಿಯುವವರೆಗೆ ಬರಲೆಂದು ಅವನು ಟಾರ್ಪಾಲು ಹೊದಿಸಿ, ಕಲ್ಲು ಹೇರಿ, ಮನೆದೇವರ ಹಾಗೆ ಕಾಯುತ್ತಿದ್ದ. ಲಕ್ಷ್ಮಕ್ಕ ಆಗಲೇ ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ಅವಳ ಬೆರಳ ತುಂಬ ಮುಳ್ಳು ಗೀರಿದ ಗಾಯ. ಇನ್ನು ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಮನೆಗೆ ಬಂದು ಹೇಳಿದಾಗ ರಾಜು ನನ್ನನ್ನು ನೋಡಿದ ನೋಟ ಬರೆಯಲಾರೆ.

‘ನಿನ್ನ ಕಳಿಸಿದ್ದು ಬೇಡ ಅನ್ನಾಕೆ! ಹೋದ ಪುಟ್ಟ ಬಂದ ಪುಟ್ಟ ಆಗಿದ್ರೂ ಸೈ ಅನ್ಕತಿದ್ದೆ. ಇವಳು ಹೋಗಿ, ಹೊಲದ ಜೊತೆಗೆ ಬಣವೇನೂ ಬರ್ಕೊಟ್ಟು ಬಂದವ್ಳೆ!’

ಅಮ್ಮ ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದವಳು ತಲೆಯೆತ್ತಲಿಲ್ಲ. ‘ಹೊಲ ನನ್ನ ಹೆಸರಲ್ಲೈತೆ ಅಲ್ವೇನಪ್ಪ?’ ಎಂದಳು.

‘ಐತೆ.’

‘ಹಂಗಾದ್ರೆ ಆ ಹೊಲದಾಗೆ ಬೆಳ್ದ ಬಳ್ಳೀನೂ ನಂದೇ. ಅವಳು ಮಾತು ಕೊಟ್ಟವ್ಳೆ. ಹುಟ್ಟಿದಾಗಿಂದ ಒಂದು ಸಲ ಗಟ್ಟಿಯಾಗಿ ಏನೋ ಹೇಳವ್ಳೆ, ಅದನ್ನೂ ನೀನು ಕೆಡುಸ್ಬ್ಯಾಡ.’

ಮಂದೆ ನಮ್ಮ ಹಿತ್ತಲಿಗೆ ಬಂತು. ರಾಜು ಮೊದಮೊದಲು ಆ ಕಡೆ ಮುಖ ಹಾಕಲಿಲ್ಲ, ಬಣವೆ ಕರಗುವುದನ್ನು ಕಿಟಕಿಯಿಂದ ನೋಡಿ ನಿಟ್ಟುಸಿರು ಬಿಡುತ್ತಿದ್ದನಂತೆ. ಆಮೇಲೆ ನೀರಿನ ತೊಟ್ಟಿ ತುಂಬಿಸುವ ನೆಪದಲ್ಲಿ ಅಲ್ಲೇ ಠಿಕಾಣಿ. ನಾನು ಊರಿಗೆ ಹೋದ ದಿನ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗೊರಸಿನ ಮುಳ್ಳು ತೆಗೆಯುತ್ತಿದ್ದ. ನನ್ನನ್ನು ಕಂಡದ್ದೇ ಮರಿಯನ್ನು ಕೆಳಗೆ ಬಿಟ್ಟು, ಬಳ್ಳಿ ಎಷ್ಟು ಖಾಲಿಯಾಯಿತು ನೋಡು ಎಂದು ರೇಗಿದ. ಹಿತ್ತಲ ಗೊಬ್ಬರವನ್ನು ಗುಡಿಸಿ ತಿಪ್ಪೆಗೆ ಹಾಕದೆ ಬೇರೆಯೇ ಗುಂಡಿ ತೋಡಿ ಮುಚ್ಚಿಸಿದ. ಅದರಲ್ಲಿತ್ತು ಬೀಜ. ಆಮೇಲೆ ಮಂದೆ ಹೊಲಕ್ಕೆ ಇಳಿಯಿತು, ಅಮ್ಮ ಆರತಿ ಎತ್ತಿದಳು, ಹಗಲು ಕೆರೆಗೆ ಬಿಡದೆ ಗುಡ್ಡದ ಒಣಹುಲ್ಲು ಮೇಯಿಸಿ ಮಿಕ್ಕ ಬಳ್ಳಿ ಹಾಕಿದರು, ಬಲೆ ಸರಿಯುತ್ತಾ ಸರಿಯುತ್ತಾ ಹೊಲ ಮುಗಿಯಿತು. ಅಷ್ಟು ಹೊತ್ತಿಗೆ ಜೆಸಿಬಿಯೂ ಕೆರೆಯ ಕೆಲಸ ಮುಗಿಸಿ ಹೋಯಿತು. ಬೋಳಾದ ಕೆರೆಯಂಗಳವನ್ನು ನೋಡಿದ ಊರಿನವರು ಎಷ್ಟು ದೊಡ್ಡ ಕೆರೆ ಎಂದು ಬೆರಗಾದರು.

ಮಳೆಯೂ ಬಂತು. ನಿನ್ನೆ ನಾನು ಹೋದದ್ದು ಹೊಲ ನೋಡಲೆಂದೇ. ರಾಜು ನನಗಿಂತ ಮುಂಚೆ ಹೋಗಿ ಕುಕ್ಕರಗಾಲಲ್ಲಿ ಕೂತು ಸಾಲು ಸಾಲು ಹುಡುಕುತ್ತಿದ್ದ. ಜಾಲಿಯ ಮೊಳಕೆ ಇಲ್ಲವೇ ಇಲ್ಲ ಎನ್ನುವ ಹಾಗಿರಲಿಲ್ಲ, ಹಳೆಯ ಬೀಜ ಅಲ್ಲೊಂದು ಇಲ್ಲೊಂದು ತಲೆಯೆತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರುಸಮೇತ ಬರುವಷ್ಟು ಎಳೆಯದು. ಕಳ್ಳೇಕಾಯಿ ಕಡುಹಸಿರಾಗಿತ್ತು. ರಾಜುವಿನ ಮುಖ ಅರಳಿದ್ದನ್ನು ನೋಡಿ ನನಗೂ ಕುಣಿಯುವಷ್ಟು ಸಂತೋಷ. ಅಲ್ಲೇ ನಿಂತು ಜುಂಜಣ್ಣನಿಗೆ ಫೋನು ಹಚ್ಚಿ, ‘ಮುಂದಿನ ವರ್ಷಕ್ಕೂ ನಮ್ಮ ಹೊಲವೇ, ಬೇರೆ ಯಾರಿಗೂ ಒಪ್ಕಬೇಡ’ ಎಂದ. ಆ ಕಡೆಯ ಮಾತು ಕೇಳಿಸಿಕೊಂಡ. ಫೋನು ಇಳಿಸಿ, ‘ಅರ್ಧ ಮಂದೆ ಮಾರ್ಬುಟ್ಟನಂತೆ’ ಎಂದ. ‘ಕೆರೆ ಬೋಳಾಯ್ತಲ್ಲ, ಏನು ಮೇಯಿಸ್ಲಿ ಅಂತಾನೆ. ಉಳಿದ ಅರ್ಧಕ್ಕೆ ನಾಳೆ ಶಿರಾದಿಂದ ವ್ಯಾಪಾರಿ ಬತ್ತಾನಂತೆ. ಈಗ ಕೆರೆ ಹತ್ರಾನೇ ನಿಂತವ್ನಂತೆ.’

ಇಬ್ಬರೂ ಕೆರೆಗೆ ಓಡಿದೆವು. ಓಡುವಾಗ, ನಮ್ಮ ಹೊಲ ಚೊಕ್ಕಟವಾದದ್ದಕ್ಕೆ ಖುಷಿಪಡಬೇಕೋ ಅಳಬೇಕೋ ಎಂದು ನಾನು ಎಂದಿನಂತೆ ತೂಗುತ್ತಿದ್ದೆ.

ಕೆರೆಯಂಗಳದ ಅಂಚಿನಲ್ಲಿ ಜುಂಜಣ್ಣ, ಲಕ್ಷ್ಮಕ್ಕ, ಅವರ ಹಿಂದೆ ಉಳಿದ ಕುರಿಗಳು. ಮುಂದೆ ಇಡೀ ಕೆರೆಯ ಮೇಲೆ ತೆಳ್ಳಗೆ ಹಸಿರು ಹಾಸಿತ್ತು. ನಾನು ಹಿಗ್ಗಿ, ‘ಹುಲ್ಲು ಬಂದಿದೆಯಲ್ಲ!’ ಎಂದೆ.

‘ಹತ್ರ ಬಂದು ನೋಡು ತಾಯಿ’ ಎಂದ ಜುಂಜಣ್ಣ. ಬಗ್ಗಿ ನೋಡಿದೆ. ಹುಲ್ಲಿತ್ತು. ಅದರ ನಡುವೆ ಪಾರ್ಥೇನಿಯಂ ಇತ್ತು, ಹುಲ್ಲಿಗಿಂತ ಹೆಚ್ಚೇ ಇತ್ತು. ಅವೆರಡರ ನಡುವೆ ಮತ್ತೆ ಜಾಲಿಯ ಮೊಳಕೆ. ‘ಮೂರೂ ಕಲಸ್ಕಂಡು ಬಂದೈತೆ. ಪಾರ್ಥೇನಿಯಮ್ಮಿನ ವಾಸ್ನೆಗೆ ಕುರಿ ಮೂತಿ ತಿರುಗಿಸ್ಕಂಡು ಹೋದ್ರೂ ಹೋದಾವು.’

‘ಬಿಟ್ಟು ನೋಡಿದ್ಯಾ?’ ರಾಜು ಕೇಳಿದ.

‘ಇಲ್ಲ ರಾಜಣ್ಣ. ಬೆಳಗಿಂದ ಇಲ್ಲೇ ನಿಂತಿವ್ನಿ. ಬುಡಾಕೆ ಭಯ ಆಯ್ತದೆ. ಬಾಯಿ ಹಾಕ್ಲಿಲ್ಲ ಅಂದ್ರೆ ಮುಗೀತಲ್ಲ.’

ರಾಜು ಕೆರೆಯನ್ನು ನೋಡಿದ, ಕುರಿಗಳನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

‘ಅಕ್ಕಾ, ಬಿಡೋದಾ, ಬೇಡ್ವಾ?’

ಇದಕ್ಕೆ ಮುಂಚೆ ಅವನು ನನ್ನ ಅಭಿಪ್ರಾಯ ಕೇಳಿದ್ದು ನನಗೆ ನೆನಪಿಲ್ಲ. ಏನೂ ಗೊತ್ತಿರಲಿಲ್ಲ. ‘ಬಿಡು ಜುಂಜಣ್ಣ’ ಎಂದೆ.

ಅವನು ಕೋಲನ್ನು ಪಕ್ಕಕ್ಕೆ ಸರಿಸಿ ನಾಲಿಗೆಯಿಂದ ಸದ್ದು ಮಾಡಿದ. ಮುಂದಿದ್ದ ಒಂದು ಮುದಿ ಕುರಿ ಕೆರೆಗೆ ಇಳಿಯಿತು. ಮೂತಿ ಇಳಿಸಿ ಮೂಸಿತು, ಸೀನಿತು, ಮುಂದಕ್ಕೆ ಹೋಯಿತು. ಮತ್ತೆ ಮೂಸಿತು, ಮತ್ತೆ ಮುಂದಕ್ಕೆ. ಲಕ್ಷ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೂ ನಾಲ್ಕು ಹೆಜ್ಜೆ ಹೋಗಿ ಅದು ನಿಂತಿತು, ಕತ್ತು ಓರೆ ಮಾಡಿ, ಪಾರ್ಥೇನಿಯಂ ಗಿಡವನ್ನು ಮೂಗಿನಿಂದ ತಳ್ಳಿ ಅದರ ಸಂದಿಯೊಳಗೆ ಬಾಯಿ ಹಾಕಿತು. ಪರಪರ ಎಂದು ಹುಲ್ಲು ಕಿತ್ತು ಬಂದ ಸದ್ದು ನಾವು ನಿಂತಲ್ಲಿಗೆ ಕೇಳಿಸಿತು. ಅದರ ಹಿಂದೆ ಇನ್ನೊಂದು ಇಳಿಯಿತು, ಆಮೇಲೆ ಎಲ್ಲವೂ.

ಆ ಹುಲ್ಲು ಎಷ್ಟು ದಿನಕ್ಕೆ ಬಂದೀತು, ಪಾರ್ಥೇನಿಯಂ ಅದನ್ನು ಯಾವಾಗ ಮುಚ್ಚೀತು, ಯಾರಿಗೂ ಗೊತ್ತಿರಲಿಲ್ಲ. ಜುಂಜಣ್ಣ ಕೋಲನ್ನು ಕೆಳಗಿಟ್ಟು ನೆಲದ ಮೇಲೆ ಕೂತ. ಲಕ್ಷ್ಮಕ್ಕ ಅವನ ಜೇಬಿನಿಂದ ಫೋನು ತೆಗೆದು ಅವನ ಕೈಗಿಟ್ಟು, ‘ಶಿರಾದೋನಿಗೆ ಮಾಡು, ನಾಳೆ ಬರಾದ್ ಬ್ಯಾಡ ಅನ್ನು’ ಎಂದಳು. ಅವನು ಫೋನು ಹಿಡಿದುಕೊಂಡು ಮೇಯುವ ಕುರಿಗಳನ್ನೇ ನೋಡುತ್ತಿದ್ದ. ರಾಜು ಫೋನು ಇಸಿದುಕೊಂಡು ತಾನೇ ಒತ್ತಿ, ಅವನ ಕಿವಿಗೆ ಹಿಡಿದ.